ಸಹಾಯ ಬೇಕು: ಅಡುಗೆಮನೆ ಇರುವ ಕಡಲತೀರದ ಮನೆ, ಕಾಪು ಅಥವಾ ಮರವಂತೆ ಕಡೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ನಾಲ್ಕು ದಿನಕ್ಕೆ ಸಮುದ್ರದ ಹತ್ತಿರ ಒಂದು ಇಡೀ ಮನೆ ಬಾಡಿಗೆಗೆ ಬೇಕು. ನಾವು ಒಂಬತ್ತು ಜನ. ಅಜ್ಜಿಗೆ 81 ವರ್ಷ, ಮೆಟ್ಟಿಲು ಹತ್ತೋಕೆ ಆಗುವುದಿಲ್ಲ, ಹಾಗಾಗಿ ನೆಲಮಹಡಿಯಲ್ಲೇ ಒಂದು ಕೋಣೆ ಮತ್ತು ಬಾತ್‌ರೂಮ್ ಇರಲೇಬೇಕು.

ಮುಖ್ಯವಾಗಿ ಅಡುಗೆ ನಾವೇ ಮಾಡಿಕೊಳ್ಳುತ್ತೇವೆ. ಅಪ್ಪನಿಗೆ ಉಪ್ಪು ಕಡಿಮೆ ಇರುವ ಊಟವೇ ಆಗಬೇಕು, ದಿನಾ ಹೋಟೆಲ್ ಊಟ ಆಗುವುದಿಲ್ಲ. ಹೋದ ವರ್ಷ ಒಂದು ಕಡೆ 'ಕಿಚನ್ ಇದೆ' ಅಂತ ಫೋನಿನಲ್ಲಿ ಹೇಳಿದ್ದರು, ಹೋಗಿ ನೋಡಿದರೆ ಒಂದು ಕೆಟಲ್ ಮತ್ತು ನಾಲ್ಕು ಲೋಟ ಮಾತ್ರ, ರಾತ್ರಿ ಎಂಟಕ್ಕೆ ಅಪ್ಪನಿಗೆ ಗಂಜಿ ಎಲ್ಲಿಂದ ತರೋದು ಅಂತ ಅಲೆದಾಡಿ ತುಂಬಾ ಬೇಜಾರಾಗಿತ್ತು. ಅದಕ್ಕೇ ಈ ಸಲ ಗ್ಯಾಸ್ ಸಿಲಿಂಡರ್, ಕುಕ್ಕರ್, ಮಿಕ್ಸಿ, ಫ್ರಿಜ್ ನಿಜವಾಗಿಯೂ ಇದೆಯಾ ಅಂತ ಕಣ್ಣಾರೆ ನೋಡಿದವರ ಮಾತು ಬೇಕು. ಮೀನು ಬೇಯಿಸಲು ಬಿಡುತ್ತಾರಾ ಅನ್ನುವುದೂ ಮುಖ್ಯ. ಮಲ್ಪೆ ಬಂದರಿನಿಂದ ಬಂಗುಡೆ ತಂದು ಅಮ್ಮನ ಕೈಯಲ್ಲಿ ಸಾರು ಮಾಡಿಸಬೇಕು ಅಂತ ಎಲ್ಲರಿಗೂ ಆಸೆ.

ಕಾಪು ಆದರೆ 1901ರ ದೀಪಸ್ತಂಭ ಮಕ್ಕಳಿಗೆ ತೋರಿಸಬಹುದು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ಆದರೆ ಹೆದ್ದಾರಿ ನಡುವೆಯೇ ಹೋಗುತ್ತೆ ಅಲ್ವಾ, ಚಿಕ್ಕ ಮಕ್ಕಳಿದ್ದಾರೆ, ಗೇಟು ಇರುವ ಮನೆಯೇ ಆಗಬೇಕು. ಬಾವಿ ನೀರು ಉಪ್ಪಾಗಿದೆಯಾ, ಕರೆಂಟ್ ಹೋದರೆ ಇನ್ವರ್ಟರ್ ಇದೆಯಾ, ಅದನ್ನೂ ತಿಳಿಸಿ. ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತೇವೆ, ಉಡುಪಿ ಅಥವಾ ಕುಂದಾಪುರದಲ್ಲಿ ಇಳಿಯಬಹುದು.

ನೀವೇ ಉಳಿದು ಬಂದ ಮನೆ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ.