ಅಪಘಾತದ ಆಘಾತದಲ್ಲಿರುವವರಿಗೆ ಯಾವ ರಾಗ, ಎಷ್ಟು ಹೊತ್ತು?

ತುಂಗಾತೀರ, ಗಂಗಾವತಿ
ರಸ್ತೆ ಅಪಘಾತವಾದ ಮೇಲೆ ಮನೆಯವರೊಬ್ಬರು ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಾರೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ಮನೋವೈದ್ಯರ ಗುಳಿಗೆ ನಡೆದಿದೆ. ಜೊತೆಗೆ ಹಿಂದೂಸ್ತಾನಿ ಸಂಗೀತ ಕೇಳಿಸಬೇಕೆಂದಿದ್ದೇವೆ. ‘ಈ ರೋಗಕ್ಕೆ ಈ ರಾಗ’ ಎಂಬ ಪಟ್ಟಿ ವಾಟ್ಸಾಪ್‌ನಲ್ಲಿ ಬಂದಿದೆ, ದರ್ಬಾರಿ ಕೇಳಿದರೆ ನಿದ್ದೆ ಖಚಿತವಂತೆ. ನಂಬಬಹುದೆ? ಇಯರ್‌ಫೋನ್ ಒಳ್ಳೆಯದೋ, ಸ್ಪೀಕರೋ?

ಖರಜ, ರಾಯಚೂರು
ಆ ಪಟ್ಟಿ ಬಿಟ್ಟುಬಿಡಿ. ಒಂದೊಂದು ರಾಗಕ್ಕೆ ಒಂದೊಂದು ಕಾಯಿಲೆ ಅಂಟಿಸಲು ಆಧಾರವಿಲ್ಲ. ಬೆಚ್ಚುವ ಮನಸ್ಸಿಗೆ ಬೇಕಾದದ್ದು ಮುಂದಿನ ಸ್ವರ ಎಲ್ಲಿಗೆ ಹೋಗುತ್ತದೆಂದು ಊಹಿಸಬಹುದಾದ, ನಿಧಾನದ ನಾದ. ತಬಲಾ ಇಲ್ಲದ ಆಲಾಪ (ತಾಳವಿಲ್ಲದೆ ರಾಗವನ್ನು ನಿಧಾನಕ್ಕೆ ಬಿಡಿಸುವ ಭಾಗ), ಇಲ್ಲವೇ ವಿಲಂಬಿತ ಏಕತಾಲ, ಅಂದರೆ ತುಂಬ ನಿಧಾನಗತಿಯ ತಾಳದಲ್ಲಿ ಹಾಡಿದ್ದು. ಯಮನ್, ಭೂಪ್, ದುರ್ಗಾ, ಈ ರಾಗಗಳಲ್ಲಿ ಅವರಿಗೆ ಹಿಡಿಸಿದ್ದು.

ಹೆಚ್ಚಿನವರು ಇಡೀ ಕಛೇರಿ ಹಚ್ಚಿಬಿಡುತ್ತಾರೆ, ಕೆಡುವುದು ಅಲ್ಲೇ ನೋಡ್ರಿ. ಕಣ್ಣು ಎಳೆಯುವ ಹೊತ್ತಿಗೆ ದ್ರುತ್ (ವೇಗದ ಭಾಗ), ತಾನ್ (ಸ್ವರಗಳ ವೇಗದ ಓಟ), ತಿಹಾಯಿ (ಮೂರು ಸಲ ಮರಳಿಸುವ ಮುಕ್ತಾಯ), ಚಪ್ಪಾಳೆ, ಸಿತಾರಾದರೆ ಝಾಲಾ (ಕೊನೆಯ ವೇಗದ ಮೀಟು). ಯೂಟ್ಯೂಬ್ ಆದರೆ ನಡುವೆ ಜೋರು ದನಿಯ ಜಾಹೀರಾತು. ಅದಕ್ಕೇ ಆಡಿಯೊ ಇಳಿಸಿಕೊಂಡು ಮೊದಲ 15–20 ನಿಮಿಷ ಮಾತ್ರ ಕತ್ತರಿಸಿ, ಕೊನೆಯ 1 ನಿಮಿಷ ದನಿ ಮೆಲ್ಲಗೆ ಇಳಿಯುವಂತೆ ಮಾಡಿ. ಮೊದಲು ನೀವೇ ಪೂರ್ತಿ ಕೇಳಿ. ಮುಂದಿನ ಹಾಡು ತಾನಾಗಿ ಶುರುವಾಗಬಾರದು.

ಸ್ಪೀಕರೇ ವಾಸಿ. ಪಕ್ಕದವರ ಮೆಲುಮಾತು ಕೇಳುವಷ್ಟು ದನಿ ಸಾಕು. ಇಯರ್‌ಫೋನ್ ಹಾಕಿದವರಿಗೆ ಯಾರಾದರೂ ಹತ್ತಿರ ಬಂದದ್ದು ಗೊತ್ತಾಗುವುದಿಲ್ಲ, ಹೆಗಲು ಮುಟ್ಟಿದರೆ ಇನ್ನಷ್ಟು ಬೆಚ್ಚುತ್ತಾರೆ. ಕಣ್ಣು ಮುಚ್ಚಲು ಒತ್ತಾಯಿಸಬೇಡಿ. ಕೆಲವರಿಗೆ ಮುಚ್ಚಿದ ಕೂಡಲೇ ಘಟನೆ ಎದುರು ಬರುತ್ತದೆ. ಅಪಘಾತದ ಹೊತ್ತಿಗೆ ಗಾಡಿಯಲ್ಲಿ ಹಾಡು ಇತ್ತೆಂದು ಗೊತ್ತಿದ್ದರೆ ಅದನ್ನೂ ಅದೇ ಬಗೆಯ ಸಂಗೀತವನ್ನೂ ದೂರವಿಡಿ. ನಿಲ್ಲಿಸುವ ಗುಂಡಿ ಅವರ ಕೈಯಲ್ಲೇ ಇರಬೇಕು. ಎಲ್ಲಕ್ಕಿಂತ ಮುಖ್ಯ ಇದು.

ಕೋಟೆಬೆಟ್ಟ, ಬಳ್ಳಾರಿ
ಅವರು ಒಪ್ಪಿದರೆ ಗುನುಗಿಸಿ. ಶ್ರುತಿಗೆ ಫೋನಿನ ತಂಬೂರಿ ಆ್ಯಪ್ ಸಾಕು. ಗಂಡಸರಿಗೆ ಸಾಮಾನ್ಯವಾಗಿ ಕರಿ 1 (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ), ಹೆಂಗಸರಿಗೆ ಕರಿ 4 ಅಥವಾ 5. ಬಾಯಿ ಮುಚ್ಚಿ ಷಡ್ಜವನ್ನು (‘ಸ’ ಸ್ವರ) 6–8 ಸೆಕೆಂಡು ಹಿಡಿದು, ಎರಡು ಸಹಜ ಉಸಿರಾದ ಮೇಲೆ ಮತ್ತೆ. 5 ನಿಮಿಷ ಸಾಕು. ಉಸಿರು ಉದ್ದಕ್ಕೆ ಹೊರಹೋಗುವಾಗ ಎದೆಬಡಿತ ನಿಧಾನವಾಗುತ್ತದೆ. ಬಿಡುವಿಲ್ಲದೆ ಎಳೆದರೆ ತಲೆ ಸುತ್ತುತ್ತದೆ, ಆಗ ನಿಲ್ಲಿಸಿ. ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಇರುವವರಿಗೆ ಮಾತ್ರ ರಾತ್ರಿಯ ರಿಯಾಜ್ (ಸಂಗೀತಾಭ್ಯಾಸ) ಬೇಡ, ನಿದ್ದೆಗೆಟ್ಟರೆ ಉನ್ಮಾದ ಕೆರಳಬಹುದು.

ಹಿತವೆನಿಸಿತೆಂದು ಗುಳಿಗೆ ಬಿಡಬೇಡಿ. ಖಿನ್ನತೆಯ ಬಗ್ಗೆ 2017ರ ಕಾಕ್ರೇನ್ ಅವಲೋಕನ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಪ್ರಯೋಜನ ಕಂಡದ್ದು ಮಾಮೂಲಿ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆ ಸೇರಿದಾಗ. ಊರೂರಿಗೆ ಮಾನಸಿಕ ಚಿಕಿತ್ಸೆ ತಲುಪಿಸುವ ನಿಮ್ಹಾನ್ಸ್‌ನ ಪ್ರಯೋಗ 1980ರ ದಶಕದಲ್ಲಿ ನಡೆದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿಯಾಯಿತು. ಸಾಯುವ ಮಾತು ಬಂದರೆ ಸಂಗೀತಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಕನ್ನಡದಲ್ಲಿ ಸಿಗುತ್ತದೆ.

ತುಂಗಾತೀರ, ಗಂಗಾವತಿ
ಮಲಗುವ ಮುಂಚೆಯೇ ಶುರುಮಾಡಬಹುದೆ?

ಖರಜ, ರಾಯಚೂರು
ಮೊದಲ ವಾರ ಹಗಲಲ್ಲಿ ಮಾಡಿ. ಗಾಬರಿಯಾದರೆ ಜೊತೆಗೆ ಎಚ್ಚರವಿರುವವರು ಇರುತ್ತಾರೆ. ಹೊಂದಿದರೆ ಮಲಗುವ ಅರ್ಧ ಗಂಟೆ ಮುಂಚೆ, ದಿನಾ ಅದೇ ಹೊತ್ತಿಗೆ, ಅದೇ ತುಣುಕು. ಒಂದು ರಾತ್ರಿ ನಿದ್ದೆ ಬರಲಿಲ್ಲವೆಂದು ರಾಗ ಬದಲಿಸಬೇಡಿ.