ದರೆಯ ಮೇಲೆ ಮನೆಯತ್ತ ವಾಲಿರುವ ಹೆಬ್ಬಲಸಿನ ಮರವನ್ನು ಇಳಿಸುವುದು ಹೇಗೆ?

ಪ್ರಶ್ನೆ (ಕೊಪ್ಪ ತಾಲ್ಲೂಕಿನಿಂದ):
ಮನೆಯ ಹಿಂದಿನ ದರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲಿರುವ ಸುಮಾರು 50 ಅಡಿ ಎತ್ತರದ ಹೆಬ್ಬಲಸು ಈ ಮಳೆಗೆ ಮನೆಯ ಕಡೆ ವಾಲಿದೆ. ಬುಡದ ಹಿಂಬದಿಯಲ್ಲಿ ಮಣ್ಣು ಬಿರುಕು ಬಿಟ್ಟು ಬೇರುಗಳು ಮೇಲೆದ್ದಿವೆ. ಮರ ಕಡಿಯುವವರೊಬ್ಬರು ತಾವೇ ಹತ್ತಿ, ತುದಿಯಿಂದ ಕಡಿಯುತ್ತಾ, ತುಂಡುಗಳನ್ನು ಅದೇ ಮರಕ್ಕೆ ಕಟ್ಟಿದ ಹಗ್ಗದಲ್ಲಿ ಇಳಿಸುವುದಾಗಿ ಹೇಳುತ್ತಿದ್ದಾರೆ. ಇದು ಸುರಕ್ಷಿತವೇ?

ಉತ್ತರ 1:
ದಯವಿಟ್ಟು ಯಾರನ್ನೂ ಆ ಮರಕ್ಕೆ ಹತ್ತಿಸಬೇಡಿ. ಅದು ಈಗ ಅಳಿದುಳಿದ ಬೇರುಗಳ ಹಿಡಿತದಲ್ಲಿ ನಿಂತಿದೆ. 30 ಸೆಂ.ಮೀ. ದಪ್ಪ, ಒಂದೂವರೆ ಮೀಟರ್ ಉದ್ದದ ಹಸಿ ತುಂಡು ಹೆಚ್ಚುಕಡಿಮೆ 100 ಕಿಲೋ ತೂಗುತ್ತದೆ. ಅದನ್ನು ರಾಟೆಯ ಮೇಲಿನಿಂದ ಹಾದ ಹಗ್ಗದಲ್ಲಿ ಕೆಳಗಿನಿಂದ ಹಿಡಿದು ನಿಂತರೆ ರಾಟೆ ಕಟ್ಟಿದ ಜಾಗಕ್ಕೆ ಸುಮಾರು 200 ಕಿಲೋ ಭಾರ ಬೀಳುತ್ತದೆ, ತುಂಡು ಒಂದಿಷ್ಟು ಜಾರಿ ಹಗ್ಗ ಜಗ್ಗಿದರಂತೂ ಆ ಭಾರ ಹಲವು ಪಟ್ಟಾಗುತ್ತದೆ. ಬೇರು ಸಡಿಲಾದ ಮರ ಇದನ್ನು ತಡೆಯಲಾರದು.

ಕಡಿಯುವ ಮೊದಲು ಮರವನ್ನು ಹಿಡಿದು ನಿಲ್ಲಿಸಬೇಕು. ದರೆಯ ಮೇಲ್ಬದಿಯಲ್ಲಿ ದೂರ ನಿಂತು, ಭಾರ ಕಟ್ಟಿದ ಸಣ್ಣ ದಾರವನ್ನು ಎತ್ತರದ ಗಟ್ಟಿ ಕವಲಿಗೆ ಎಸೆದು, ಅದರಿಂದ ದಪ್ಪ ಹಗ್ಗವನ್ನು ಎಳೆದುಕೊಳ್ಳಬಹುದು. ಇಂತಹ ಎರಡು ಹಗ್ಗಗಳನ್ನು ಮೇಲ್ಬದಿಯ ಎರಡು ಗಟ್ಟಿ ಮರಗಳ ಬುಡಕ್ಕೆ, ನಡುವೆ ಅಂತರವಿರುವಂತೆ ಬಿಗಿಯಿರಿ, ಏಕೆಂದರೆ ಒಂದೇ ಹಗ್ಗವಾದರೆ ಮರ ಪಕ್ಕಕ್ಕೆ ಹೊರಳಬಹುದು. ಅಡಿಕೆ ಮರಕ್ಕೆ ಕಟ್ಟಲೇಬೇಡಿ. ಮಳೆಯಲ್ಲಿ ನೆನೆದ ನಾರಿನ ಹಗ್ಗವನ್ನು ನಂಬುವಂತಿಲ್ಲ, ನೈಲಾನ್ ಹಿಗ್ಗುತ್ತದೆ. ಪಾಲಿಯೆಸ್ಟರ್ ಹಗ್ಗ ಒಳ್ಳೆಯದು. ಗಂಟು ಬಿದ್ದಲ್ಲಿ ಹಗ್ಗದ ಬಲ ಸಾಕಷ್ಟು ಕುಗ್ಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಡಿಯುವವರು ಪಕ್ಕದ ಗಟ್ಟಿ ಮರದಲ್ಲಿ ಅಥವಾ ದಾರಿಯಿದ್ದರೆ ಕ್ರೇನಿನ ತೊಟ್ಟಿಲಲ್ಲಿ ನಿಲ್ಲಲಿ. ರಾಟೆಯೂ ಆ ಗಟ್ಟಿ ಮರದಲ್ಲಿಯೇ ಇರಲಿ. ಹಗ್ಗವನ್ನು ಅದರ ಬುಡಕ್ಕೆ ಮೂರು ನಾಲ್ಕು ಸುತ್ತು ಹಾಕಿ ಸಡಿಲಿಸಿದರೆ ತುಂಡು ನಿಧಾನವಾಗಿ ಇಳಿಯುತ್ತದೆ. ಬರಿಗೈಯಲ್ಲಿ ಹಿಡಿದವರನ್ನು ಅದು ಎತ್ತಿಬಿಡುತ್ತದೆ.

ಉತ್ತರ 2:
ಮೇಲಿನ ಮಾತು ಸರಿ. ತಲೆಯ ಭಾರ ಇಳಿದ ಮೇಲೆ, ಮೇಲೆದ್ದ ಬೇರಿನ ಗಡ್ಡೆ ಬುಡವನ್ನೂ ಸೇರಿಸಿಕೊಂಡು ಒಮ್ಮೆಲೇ ಹಿಂದಕ್ಕೆ ಕೂರಬಹುದು, ಆದ್ದರಿಂದ ಆ ಬಿರುಕಿನ ಬಳಿ ಯಾರೂ ನಿಲ್ಲಬಾರದು. ಬುಡವನ್ನು ಜೆಸಿಬಿಯಿಂದ ಕೀಳಿಸಬೇಡಿ. ದರೆಯನ್ನು ಹಿಡಿದಿರುವುದೇ ಆ ಬೇರು. ವಿದ್ಯುತ್ ತಂತಿ ಹತ್ತಿರವಿದ್ದರೆ ಲೈನ್‌ಮನ್ ಬಂದು ವಿದ್ಯುತ್ ಕಡಿತಗೊಳಿಸಿದ ನಂತರವೇ ಕೆಲಸ ಆರಂಭವಾಗಲಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಇಂದೇ ವಿಚಾರಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ ಅಮ್ಮನನ್ನು ಇಂದು ರಾತ್ರಿಯಿಂದಲೇ ಮುಂದಿನ ಜಗುಲಿಯ ಕೋಣೆಗೆ ಕರೆತರುತ್ತೇನೆ. ಮೇಲ್ಬದಿಯಲ್ಲಿ ಎರಡು ದಪ್ಪ ನೇರಳೆ ಮರಗಳಿವೆ. ನಾಳೆ ಮಳೆ ಬಿಟ್ಟರೆ ಅವುಗಳ ಬುಡವನ್ನು ಪರೀಕ್ಷಿಸಿ ತಿಳಿಸುತ್ತೇನೆ.