‘ಸಂಭವನೀಯತೆಯ ವಿಕೃತಿ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಪದವಿ ತರಗತಿಯ ಅರ್ಥಶಾಸ್ತ್ರಕ್ಕೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪರಿಕಲ್ಪನೆಗೆ ಪದ ಬೇಕಾಗಿದೆ. ಲಾಭವೋ ನಷ್ಟವೋ ತಿಳಿಯದ ಕಡೆ ಮನುಷ್ಯ ಸಂಭವನೀಯತೆಯನ್ನು ಇದ್ದಷ್ಟೇ ಪ್ರಮಾಣದಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಕ್ಕದನ್ನು ಹಿಗ್ಗಿಸುತ್ತಾನೆ, ದೊಡ್ಡದನ್ನು ಕುಗ್ಗಿಸುತ್ತಾನೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಇದನ್ನು ಮಂಡಿಸಿದರು, 1992ರಲ್ಲಿ ಅಳೆದೂ ತೋರಿಸಿದರು. ಹಣ ಗೆಲ್ಲುವ ಪಂದ್ಯಗಳಲ್ಲಿ ನೂರಕ್ಕೆ 5ರ ಸಂಭವ ಸುಮಾರು 13ರಷ್ಟು ತೂಗುತ್ತದೆ; 95ರದ್ದು 79ಕ್ಕೆ ಇಳಿಯುತ್ತದೆ.

ತರಗತಿಯಲ್ಲಿ ನಾನು ಚೀಟಿಗಳ ಉದಾಹರಣೆ ಕೊಡುತ್ತೇನೆ. ನೂರು ಚೀಟಿ, ಒಂದಕ್ಕೆ ಬಹುಮಾನ. ಕೈಯಲ್ಲಿ ಒಂದೂ ಇಲ್ಲದವನು ಮೊದಲ ಐದು ಚೀಟಿಗೆ ಕೊಡಲು ಒಪ್ಪುವ ಹಣವನ್ನು, ನಲವತ್ತು ಇರುವವನು ಇನ್ನೈದಕ್ಕೆ ಕೊಡಲು ಒಪ್ಪುವುದಿಲ್ಲ. ತೊಂಬತ್ತೈದು ಇರುವವನು ಮಾತ್ರ ಕೊನೆಯ ಐದಕ್ಕೆ ಮತ್ತೆ ಕೈ ಬಿಚ್ಚುತ್ತಾನೆ. ಮೂರು ಕಡೆಯೂ ಗೆಲ್ಲುವ ಸಂಭವ ಏರಿದ್ದು ನೂರಕ್ಕೆ ಐದೇ.

ಇದಕ್ಕೆ ತಟ್ಟನೆ ಹೊಳೆಯುವ ಪದ ‘ವಿಕೃತಿ’. ನನಗದು ಸರ್ವಥಾ ಒಪ್ಪಿಗೆಯಿಲ್ಲ. ಕನ್ನಡದ ಕಿವಿಗೆ ಅದು ಬೈಗುಳದ ಹತ್ತಿರದ ಮಾತು. ಅದಕ್ಕಿಂತ ಮುಖ್ಯವಾಗಿ, ಆ ಮನುಷ್ಯನಿಗೆ ಲೆಕ್ಕ ತಪ್ಪಿಲ್ಲ. ಐದು ಐದೇ ಎಂದು ಅವನಿಗೆ ಚೆನ್ನಾಗಿ ಗೊತ್ತು. ನಿರ್ಧಾರದ ಹೊತ್ತಿನಲ್ಲಿ ಅದಕ್ಕೆ ಕೊಡುವ ತೂಕ ಬೇರೆ, ಅಷ್ಟೆ. ‘ಉತ್ಪ್ರೇಕ್ಷೆ’ಯೂ ಸಲ್ಲದು, ಏಕೆಂದರೆ ಅದು ಒಂದೇ ದಿಕ್ಕಿಗೆ ವಾಲುತ್ತದೆ. ಅಂಕಿಯನ್ನು ಓದಿ ತಿಳಿಯದೆ ಮತ್ತೆ ಮತ್ತೆ ಆಡಿ ಅನುಭವದಿಂದ ಕಲಿತಾಗ, ಅಪರೂಪದ ಘಟನೆಯ ತೂಕ ಕಡಿಮೆಯಾಗುವುದೂ ಉಂಟು. ಮನಶ್ಶಾಸ್ತ್ರಜ್ಞ ರಾಲ್ಫ್ ಹರ್ಟ್‌ವಿಗ್ ಮತ್ತು ಸಂಗಡಿಗರ 2004ರ ಪ್ರಯೋಗಗಳು ಇದನ್ನು ತೋರಿಸಿವೆ. ಹಾಗಾಗಿ ‘ಸಂಭವದ ತೂಕ’, ಅಥವಾ ‘ನಿರ್ಧಾರದ ತೂಕ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಆದರೆ ನಮ್ಮ ಆಡುಮಾತಿನ ವ್ಯಾಕರಣದಲ್ಲೇ ಇದು ಅಡಗಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆಲೂರು, ಬೇಲೂರು ಕಡೆ ಗದ್ದೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕುವವರ ಮಾತು ಕೇಳಿ. ‘ಈ ಸಲ ಬೆಲೆ ಬರಬಹುದು’ ಎಂದರೆ ಬರಿಯ ಅಂದಾಜು. ‘ಬಂದರೂ ಬರಬಹುದು’ ಎಂದಾಗ, ಸಂಭವ ಚಿಕ್ಕದೆಂದು ಒಪ್ಪಿಕೊಂಡೇ ಅದರ ಮೇಲೆ ಭಾರ ಹಾಕಿರುತ್ತಾರೆ. ಸಾಲ ಮಾಡಿ ಬಿತ್ತನೆ ಶುಂಠಿ ತರುವುದು ಈ ಎರಡನೆಯ ಮಾತಿನ ಬಲದ ಮೇಲೆಯೇ. ಆ ‘ಊ’ಕಾರ ಮಾಡುವ ಕೆಲಸವನ್ನು ಯಾವ ಪಾರಿಭಾಷಿಕ ಪದವೂ ಮಾಡಲಾರದು.

ಇನ್ನೊಂದು ತುದಿಗೆ, ಅಂದರೆ ದೊಡ್ಡ ಸಂಭವವನ್ನು ಕುಗ್ಗಿಸುವ ಕಡೆಗೆ, ಇಂಥ ಪ್ರಯೋಗ ಯಾವುದು? ‘ಬಹುಪಾಲು ಆದ ಹಾಗೆಯೇ’ ಎನ್ನುತ್ತೇವೆ, ಆದರೆ ಉಳಿದ ಚೂರಿನ ಅಳುಕು ಅದರಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ಮೂಡಿಗೆರೆ, ಸಕಲೇಶಪುರದ ಕಡೆಯವರು, ಕಾಫಿ ಹೂ ಅರಳಿಸುವ ಹೂಮಳೆ ಬಂದೇ ಬರುತ್ತದೆ ಎಂಬ ಸೂಚನೆ ಇದ್ದರೂ ಸ್ಪ್ರಿಂಕ್ಲರ್ ಹಾಕುವಾಗ ಮನೆಯಲ್ಲಿ ಏನೆಂದು ಹೇಳುತ್ತೀರಿ? ದಯವಿಟ್ಟು ಆ ಮಾತನ್ನು ಆಡಿದ ಹಾಗೆಯೇ ಬರೆದು ಕಳುಹಿಸಿ. ‘ತೂಕ’ಕ್ಕಿಂತ ಒಳ್ಳೆಯ ಪದ ಹೊಳೆದರೆ ಅದನ್ನೂ ತಿಳಿಸಿ.